ಎಲಿ ಒಳಗ ಮನಿ ಮಾಡೋ ರಂಗೋಲಿ ಹುಳ: ಎಣ್ಣಿ ಹೊಡಿಯೋಕಿಂತ ಮೊದ್ಲ ಏನೇನ್ ನೋಡ್ಬೇಕು

ಜರ್ಮನಿಯಾಗ ಓದಾಕ ಹೋಗಿರೋ ಅಕ್ಕನ ಮಗ ವಾಟ್ಸಾಪ್‌ನ್ಯಾಗ ಒಂದು ಫೋಟೋ ಕಳ್ಸಿದ್ದ. "ಮಾವಾ, ಇಲ್ಲೂ ಅರಳಿ ಮರ ಅದಾವ ನೋಡು, ನಿನ್ನ ಲಿಂಬಿ ಗಿಡದ ರೋಗ ಇದಕ್ಕೂ ಬಂದೈತಿ" ಅಂತ. ನೋಡಿದ್ರ ಎಲಿ ಖರೇನ ಅರಳಿ ಎಲಿ ಹಂಗ ಐತಿ, ಅಂಚಿನಾಗ ಮಾತ್ರ ಕಂದು ಬಣ್ಣದ ದೊಡ್ಡ ಗುಳ್ಳಿ, ಕಾಗದ ಸುಟ್ಟಂಗ. ಅದು ಅರಳಿ ಅಲ್ಲ, ಪಾಪ್ಲರ್. ಸಣ್ಣ ಗಾಳಿಗೂ ಅರಳಿ ಎಲಿ ಹಂಗನ ಪಟಪಟ ಅಲ್ಲಾಡ್ತಾವ ಅದರ ಎಲಿ. ನಮ್ಮ ದೇಶದಾಗ ಪಂಜಾಬ, ಹರಿಯಾಣ, ಪಶ್ಚಿಮ ಯುಪಿ ಕಡೆ ಪ್ಲೈವುಡ್ ಸಲುವಾಗಿ ಹೊಲದಾಗನ ಹಚ್ತಾರ, ನಮ್ಮ ಕೊಪ್ಪಳ ರಾಯಚೂರು ಬಿಸಲಿಗೆ ಅದು ಹೊಂದಂಗಿಲ್ಲ. ಆ ಗುಳ್ಳಿ ಒಳಗಿದ್ದಿದ್ದು ಗರಗಸ ನೊಣದ ಮರಿ ಇದ್ದಂಗಿತ್ತು, ನನ್ನ ಲಿಂಬಿ ಎಲಿಯಾಗಿದ್ದಿದ್ದು ಪತಂಗದ ಮರಿ. ಎರಡೂ ಮಾಡೋ ಕೆಲಸ ಒಂದ, ಎಲಿಯ ಪದರಿನ ಒಳಗ ಹೊಕ್ಕು ಅಲ್ಲೇ ತಿಂತಾವ, ಚಪಾತಿ ಪದರಿನ ನಡುವ ಇರುವಿ ಹೊಕ್ಕಂಗ.

ಗರಗಸ ನೊಣ ಅಂತ ಪುಸ್ತಕದಾಗ ಬರೀತಾರ ಖರೆ, ಅದು ನೊಣ ಅಲ್ಲ, ಕಣಜ ಇರುವಿ ಜೇನಿನ ಬಳಗದ್ದು. ಕಣಜಕ್ಕ ಇರೋ ಸಣ್ಣ ಸೊಂಟ ಇದಕ್ಕಿಲ್ಲ, ಕುಟುಕಂಗೂ ಇಲ್ಲ. ಹೆಣ್ಣಿನ ಹಿಂಭಾಗದಾಗ ಗರಗಸದ ಹಲ್ಲಿನಂಥ ತತ್ತಿ ಇಡೋ ಅಂಗ ಇರ್ತೈತಿ, ಅದರಿಂದ ಎಲಿ ಕೊಯ್ದು ಒಳಗ ತತ್ತಿ ಸಿಗಸ್ತೈತಿ. ಯುರೋಪಿನ ಪಾಪ್ಲರ್ ಮ್ಯಾಲಿನ ಜಾತಿಗೆ ಹೆಟೆರಾರ್ಥ್ರಸ್ ಓಕ್ರೊಪೋಡಾ ಅಂತ ಹೆಸರು. ಎಲಿ ಅಂಚಿನಿಂದ ಶುರು ಮಾಡಿ ಅಗಲಕ್ಕ ತಿಂತಾ ಹೊಕ್ಕೈತಿ, ಹಿಕ್ಕಿ ಒಳಗನ ಕಾಳು ಕಾಳಾಗಿ ಚೆಲ್ಲಾಡಿರ್ತೈತಿ, ಬೆಳದ ಮ್ಯಾಲ ಆ ಗುಳ್ಳಿ ಒಳಗನ ರೊಕ್ಕದ ಬಿಲ್ಲಿ ಹಂಗ ದುಂಡಗ ಚಪ್ಪಟ ಗೂಡು ಕಟ್ಟಿ ಕುಂದರ್ತೈತಿ. ಇದರ ದಾಯಾದಿ ಒಂದು ಮೇಪಲ್ ಮರದ ಮ್ಯಾಲ ಐತಂತ, ಅದರ ಬಿಲ್ಲಿ ಎಲಿಯಿಂದ ಕಳಚಿ ನೆಲಕ್ಕ ಬಿದ್ದು ಒಳಗಿನ ಹುಳ ಮೈ ಝಾಡಿಸಿದಾಗೆಲ್ಲ ಟಣ್ ಟಣ್ ಜಿಗೀತೈತಿ. ನೋಡಬೇಕನ್ನೋ ಆಸಿ ಭಾಳ ಐತಿ ನನಗ, ಇಲ್ಲಿ ಕುಂತು ಅದು ಆಗೂ ಮಾತಲ್ಲ ಬಿಡ್ರಿ.

ಆ ಹುಡುಗ ಕೇಳಿದ್ದು ಒಂದ, "ಇದಕ್ಕ ಏನ್ ಹೊಡೀಬೇಕು ಮಾವಾ?" ನಮ್ಮೂರಾಗೂ ಎಲ್ಲಾರೂ ಕೇಳೋದು ಅದನ್ನ. ಎಲಿ ಮ್ಯಾಲ ಬಿಳಿ ಗೆರಿ ಕಂಡ್ರ ಸಾಕು ಸೀದಾ ಎಣ್ಣಿ (ಕೀಟನಾಶಕ) ಅಂಗಡಿ. ನಾನೂ ಹಂಗ ಮಾಡಿದವನ, ಅದಕ್ಕ ಇದನ್ನ ಉದ್ದಕ ಬರಿಯಾಕತ್ತೀನಿ.

ನಮ್ಮದು ಕುಷ್ಟಗಿ ಕಡೆ ಮಸಾರಿ ಹೊಲ, ಒಂದು ಬೋರು, ಶೇಂಗಾ, ಸ್ವಲ್ಪ ಟಮಾಟಿ, ಬದುವಿನ ಗುಂಟ 40 ಲಿಂಬಿ ಗಿಡ. ಗಿಡ ಹಚ್ಚಿದ ವರ್ಷನ ಮಳಿ ಚಲೋ ಆಗಿ ಚಿಗುರು ಬಂತು, ಚಿಗುರಿನ ತುಂಬ ಬೆಳ್ಳಿ ಬಣ್ಣದ ಹಾವಿನ ಗೆರಿ. ಅಂಗಡಿಯಾಂವ ಒಂದು ಬಾಟ್ಲಿ ಕೊಟ್ಟ, ಹೊಡ್ದೆ. ಆರು ದಿನ ಬಿಟ್ಟು ನೋಡಿದ್ರ ಗೆರಿ ಹಂಗ ಅದಾವ, ಮತ್ತ ಹೋದೆ, ಬ್ಯಾರೆ ಬಾಟ್ಲಿ ಕೊಟ್ಟ, ಅದರ ಮ್ಯಾಲ ಇನ್ನೊಂದು. ಮೂರನೇ ಸಲ ಪಂಪು ಹೊತಗೊಂಡು ನಿಂತಾಗ ಬಾಜೂ ಹೊಲದ ಕಾಕಾ ಬದುವಿಗೆ ಬಂದು ಒಂದು ಎಲಿ ಹರ್ದು ಸೂರ್ಯಾಗ ಹಿಡ್ದು ನೋಡಿ, "ತಮ್ಮಾ, ಮನ್ಯಾಗ ಯಾರೂ ಇಲ್ಲಲೋ, ಯಾರಿಗೆ ಹೊಡಿಯಾಕತ್ತಿ?" ಅಂದ. ಖರೇನ, ಖಾಲಿ ಗೆರಿ. ಹುಳ ಯಾವಾಗೋ ಪತಂಗ ಆಗಿ ಹಾರಿ ಹೋಗಿತ್ತು. ಗೆರಿ ಅನ್ನೋದು ಎಲಿ ಉದುರೋತನ ಹೋಗಂಗಿಲ್ಲ, ಎಣ್ಣಿ ಹೊಡೆದ್ರೂ ಹೋಗಂಗಿಲ್ಲ, ಅದು ಗಾಯದ ಕಲಿ ಇದ್ದಂಗ. ಆ ಗೆರಿ ನೋಡ್ಕೊಂಡು ನಾನು ಮೂರು ಸಲ ರೊಕ್ಕ ಸುರುವಿದ್ದೆ.

ಹೆಜ್ಜಿ 1: ಏನೇನ್ ತಗೊಂಡು ಹೊಲಕ್ಕ ಹೋಗಬೇಕು

ದೊಡ್ಡ ಸಾಮಾನೇನ್ ಬ್ಯಾಡ. ಹತ್ತು ಪಟ್ಟು ದೊಡ್ಡದ ತೋರ್ಸೋ ಸಣ್ಣ ಭೂತಗನ್ನಡಿ ಇದ್ರ ಚಲೋ, ಇಲ್ಲಂದ್ರ ಫೋನ್ ಕ್ಯಾಮೆರಾನ ಝೂಮ್ ಮಾಡ್ರಿ. ಒಂದು ಗುಂಡುಸೂಜಿ, ನಾಕೈದು ಪ್ಲಾಸ್ಟಿಕ್ ಚೀಲ, ಒಂದು ಪೆನ್ನು. ಮುಂಜಾನಿ ಎಂಟು ಒಂಬತ್ತು ಗಂಟಿಗೆ ಹೋಗ್ರಿ, ಸೂರ್ಯಾ ಓರೆ ಇರ್ತಾನ, ಎಲಿ ಎತ್ತಿ ಹಿಡಿಯಾಕ ಅನುಕೂಲ, ಎಲಿನೂ ಬಾಡಿರಂಗಿಲ್ಲ. ಮಧ್ಯಾಹ್ನ ಹನ್ನೆರಡಕ್ಕ ನಮ್ಮ ಕಡೆ ಬ್ಯಾಸಗಿ ಬಿಸಲಾಗ ಯಾರೂ ಎಲಿ ನೋಡಂಗಿಲ್ಲ, ನೆಳ್ಳು ಹುಡುಕ್ತಾರ.

ಹೊಲದ ಅಂಚಿನಾಗ ನಿಂತು ಮೊದ್ಲು ಕಂಡ ಗಿಡದ್ದು ಅಷ್ಟ ಕೀಳಬ್ಯಾಡ್ರಿ. ಅಡ್ಡಾದಿಡ್ಡಿ ನಡ್ಕೋತ ಹೋಗಿ ಐದು ಕಡೆ ನಿಂದ್ರಿ, ಒಂದೊಂದು ಕಡೆ ನಾಕೈದು ಗಿಡ ನೋಡ್ರಿ. ಎಳಿ ಎಲಿ, ನಡುವಿನ ಎಲಿ, ತಳದ ಎಲಿ ಮೂರೂ ನೋಡಬೇಕು, ಯಾಕಂದ್ರ ಒಂದೊಂದು ಹುಳಕ್ಕ ಒಂದೊಂದು ಜಾಗ ಇಷ್ಟ. ಲಿಂಬಿಯಾಗ ಬರೇ ಚಿಗುರು, ಟಮಾಟಿಯಾಗ ರಂಗೋಲಿ ನೊಣ (ಇದರ ಮರಿ ಎಲಿಯಾಗ ರಂಗೋಲಿ ಹಂಗ ಗೆರಿ ಬಿಡಸ್ತೈತಿ) ತಳದ ಎಲಿಯಿಂದ ಶುರು ಮಾಡ್ತೈತಿ.

ಹೆಜ್ಜಿ 2: ಎಲಿ ಬೆಳಕಿಗೆ ಹಿಡಿಯೋದು

ಈ ಇಡೀ ಬರಹದಾಗ ಒಂದ ಒಂದು ಕಲ್ತ್ರೂ ಇದನ್ನ ಕಲೀರಿ. ಎಲಿ ಹರ್ದು ಸೂರ್ಯಾನ ಕಡೆ ಎತ್ತಿ ಹಿಡೀರಿ, ಕಣ್ಣಿಗೆ ನೇರ ಬಿಸಲು ಬೀಳಲಾರದಂಗ ಎಲಿನ ಅಡ್ಡ ಇರ್ಲಿ. ತಿಂದ ಜಾಗ ಗಾಜಿನ ಹಂಗ ಬೆಳ್ಳಗ ಕಾಣ್ತೈತಿ, ತಿನ್ನಲಾರದ್ದು ಹಸರು. ಗೆರಿಯ ಒಂದು ತುದಿ ದಾರದ ಎಳಿಯಷ್ಟು ಸಣ್ಣ ಇರ್ತೈತಿ, ಅಲ್ಲಿಂದ ಶುರು. ಹುಳ ಬೆಳಕೋತ ಹೋದಂಗ ಗೆರಿ ಅಗಲ ಆಕ್ಕೈತಿ, ಹಂಗಾಗಿ ಹುಳ ಇದ್ರ ಅಗಲ ತುದಿಯಾಗನ ಇರಬೇಕು. ಅಲ್ಲಿ ನೋಡ್ರಿ. ಲಿಂಬಿ ಹುಳ ಜೀವಂತ ಇದ್ರ ತಿಳಿ ಹಳದಿ ಬಣ್ಣ, ಚಪ್ಪಟ, ಅನ್ನದ ಅಗಳು ಅರ್ಧ ಮುರದಷ್ಟು, ಸೂಜಿ ತುದಿಯಿಂದ ಮೆತ್ತಗ ಮುಟ್ಟಿದ್ರ ತಲಿ ಅತ್ಲಾಗ ಇತ್ಲಾಗ ಆಡಸ್ತೈತಿ. ಒಳಗಿಂದೊಳಗ ಹಿಂದಕ ಸರಿಯೋದೂ ಕಾಣ್ತೈತಿ. ಮೊದ್ಲ ಸಲ ನೋಡಿದಾಗ ನಾನು ಸಿಟ್ಟು ಮರ್ತು ಹತ್ತು ನಿಮಿಷ ಅದನ್ನ ನೋಡ್ಕೋತ ನಿಂತಿದ್ದೆ, ನಮ್ಮವ್ವ ಬುತ್ತಿ ತಂದಾಕಿ "ಎಲಿಗೆ ದೃಷ್ಟಿ ತಗೀತಿಯೇನು" ಅಂದ್ಲು.

ಇನ್ನ ನಾಕು ಪರಿಸ್ಥಿತಿ ಇರ್ತಾವ. ಹುಳ ಜೀವಂತ ಐತಿ. ಹುಳ ಐತಿ ಆದ್ರ ಕಂದು ಇಲ್ಲ ಕರ್ರಗ ಆಗಿ ಸುಕ್ಕು ಬಿದ್ದು ಅಲ್ಲಾಡಂಗಿಲ್ಲ, ಅಂದ್ರ ಸತ್ತೈತಿ. ಹುಳ ಇಲ್ಲ, ಗೆರಿ ತುದಿಯಾಗ ಸೀಳಿದಂಗ ತೂತು ಐತಿ, ಅಂದ್ರ ಬೆಳದು ಹೊರಗ ಹೋಗೈತಿ. ಮತ್ತ ನಾಕನೇದು, ಹುಳದ ಬಾಜೂಕ ಇನ್ನೊಂದು ಸಣ್ಣ ಮರಿ ಅಂಟಿಕೊಂಡಿರ್ತೈತಿ, ಇಲ್ಲ ಎಲಿ ಮ್ಯಾಲ ಸೂಜಿ ಚುಚ್ಚಿದಂಗ ದುಂಡನ ತೂತು ಇರ್ತೈತಿ. ಇದು ಪರಾವಲಂಬಿ ಕಣಜದ ಕೆಲಸ, ಅಂದ್ರ ಇದರ ಮರಿ ಆ ಹುಳನ್ನ ತಿಂದು ಬೆಳೀತೈತಿ, ನಮ್ಮ ಕಡೆಯವರು. ರಂಗೋಲಿ ನೊಣದ ಮರಿ ತಾನಾಗೇ ಹೊರಗ ಬಂದ್ರ ತೂತು ಅರ್ಧಚಂದ್ರದ ಸೀಳು ಇರ್ತೈತಿ, ಕಣಜ ಹೊರಗ ಬಂದ್ರ ಪೂರ್ತಿ ದುಂಡಗ, ಇಷ್ಟ ವ್ಯತ್ಯಾಸ ನೋಡಾಕ ಭೂತಗನ್ನಡಿ ಬೇಕು.

ಮೊದಲನೇದು ಬಿಟ್ಟು ಉಳದ ಮೂರಕ್ಕೂ ಎಣ್ಣಿ ಹೊಡೆಯೋದು ದಂಡ. ನಾಕನೇದಕ್ಕಂತೂ ಹೊಡೆದ್ರ ನಷ್ಟ, ಯಾಕಂದ್ರ ಕಣಜ ಮೊದ್ಲ ಸಾಯ್ತೈತಿ, ಹುಳ ಎಲಿ ಪದರಿನಾಗ ಆರಾಮ ಇರ್ತೈತಿ.

ಹೆಜ್ಜಿ 3: ಒಳಗ ಯಾರದಾರ ಅಂತ ಗುರುತು ಹಿಡಿಯೋದು

ಎಲಿ ಒಳಗ ಸುರಂಗ ತಗಿಯೋದು ನಾಕು ಮನೆತನದವರು: ಪತಂಗ, ನೊಣ, ದುಂಬಿ, ಗರಗಸ ನೊಣ. ಸೂಜಿಯಿಂದ ಮ್ಯಾಲಿನ ಪದರು ಸೀಳಿ ಹುಳ ಹೊರಗ ತಗದು ಅಂಗೈ ಮ್ಯಾಲ ಇಟ್ಟು ನೋಡ್ರಿ.

ನೊಣದ ಮರಿಗೆ ತಲಿನೂ ಕಾಲೂ ಎರಡೂ ಕಾಣಂಗಿಲ್ಲ, ಒಂದು ತುದಿಯಾಗ ಕರಿ ಕೊಕ್ಕಿ ಅಷ್ಟ, ಅದ ಬಾಯಿ. ನಮ್ಮ ಟಮಾಟಿ, ಅಲಸಂದಿ, ಸವತಿ, ಹೀರಿ, ಔಡಲ, ಹತ್ತಿ ಎಲ್ಲಾದರ ಮ್ಯಾಲೂ ರಂಗೋಲಿ ಬಿಡಿಸೋದು ಇದ, ಲಿರಿಯೊಮೈಜಾ ಟ್ರೈಫೋಲಿ ಅಂತಾರ. ಮೂಲ ಇಲ್ಲಿದಲ್ಲ, ಅಮೆರಿಕಾ ಕಡೆಯಿಂದ ಬಂದು 1990ರ ಆಸುಪಾಸಿನಾಗ ನಮ್ಮ ದೇಶದಾಗ ಕಾಲಿಟ್ಟಿದ್ದು. ಗೆರಿ ಒಳಗ ಕರಿ ಹಿಕ್ಕಿ ಒಮ್ಮೆ ಈ ಬದಿ ಒಮ್ಮೆ ಆ ಬದಿ ತುಂಡು ತುಂಡಾಗಿ ಬಿದ್ದಿರ್ತೈತಿ. ಗೆರಿ ಬರೋಕಿಂತ ಮೊದ್ಲ ಎಲಿ ಮ್ಯಾಲ ಸೂಜಿ ಮೊನಿಯಷ್ಟು ಬಿಳಿ ಚುಕ್ಕಿ ಕಾಣ್ತಾವ, ಹೆಣ್ಣು ನೊಣ ಚುಚ್ಚಿ ರಸ ಕುಡದ ಗುರುತು ಅದು. ಆ ಚುಕ್ಕಿ ಕಂಡಾಗ ಎಚ್ಚರಾದ್ರ ನೀವು ಹುಳಕಿಂತ ಮುಂದ ಇದ್ದಂಗ.

ಪತಂಗದ ಮರಿಗೆ ಕಂದು ತಲಿ ಕಾಣ್ತೈತಿ, ಸಾಮಾನ್ಯ ಸಣ್ಣ ಕಾಲೂ ಇರ್ತಾವ. ಲಿಂಬಿಯದು ಮಾತ್ರ ಬ್ಯಾರೆ ನಮೂನಿ, ಕಾಲಿಲ್ಲದ ಚಪ್ಪಟ ಹುಳ, ಗೆರಿ ನಟ್ಟನಡುವ ಒಂದ ಕರಿ ಹಿಕ್ಕಿ ಸಾಲು ಕಾಡಿಗಿ ಎಳದಂಗ. ಬಲ್ತ ಮ್ಯಾಲ ಎಲಿ ಅಂಚು ಮಡಚಿ ಅದರಾಗ ಕೋಶ ಆಕ್ಕೈತಿ. ಇದರ ಹೆಸರು ಫಿಲ್ಲೊಕ್ನಿಸ್ಟಿಸ್ ಸಿಟ್ರೆಲ್ಲಾ, 1856ರಾಗ ಮೊದ್ಲ ವರ್ಣನೆ ಆಗಿದ್ದು ನಮ್ಮ ಕಲ್ಕತ್ತಾದಾಗ ಸಿಕ್ಕ ಪತಂಗದಿಂದ, ಅಂದ್ರ ಇದು ನಮ್ಮ ಕಡೆದ ಹುಳ, ಜಗತ್ತಿಗೆಲ್ಲ ಹೋಗಿದ್ದು ಆಮ್ಯಾಲ. ಶೇಂಗಾದ್ದು ಅಪ್ರೊಎರೆಮಾ ಮೋಡಿಸೆಲ್ಲಾ, ನಮ್ಮೂರಾಗ ಸುರುಳಿ ಹುಳ. ಮೊದಲು ಐದಾರು ದಿನ ಎಲಿ ಒಳಗ ಸುರಂಗ, ಆಮ್ಯಾಲ ಹೊರಗ ಬಂದು ಎಲಿ ಮಡಚಿ, ಇಲ್ಲ ಎರಡು ಎಲಿ ಜೋಡಿಸಿ ನೂಲು ಹೆಣದು ಒಳಗ ಕುಂತು ಕೆರೀತೈತಿ. ಮತ್ತ ಟಮಾಟಿಗೆ ಇನ್ನೊಬ್ಬ ಬಂದಾನ, ಟೂಟಾ. ದಕ್ಷಿಣ ಅಮೆರಿಕಾದ ಪತಂಗ, 2014ರಾಗ ಪುಣೆ ಕಡೆ ಮೊದ್ಲ ಸಿಕ್ಕಿದ್ದು, ಮರುವರ್ಷದ ಹೊತ್ತಿಗೆ ಕರ್ನಾಟಕಕ್ಕೂ ಬಂತು. ಟೂಟಾ ಗೆರಿ ಎಳಿಯಂಗಿಲ್ಲ, ಅಗಲ ಗುಳ್ಳಿ ಮಾಡ್ತೈತಿ, ಹಳೇ ಗುಳ್ಳಿ ಬಿಟ್ಟು ಹೊರಗ ಬಂದು ಮತ್ತೊಂದು ಎಲಿ ಹೊಕ್ಕೈತಿ, ಕಾಯಿಗೂ ತೂತು ಬೀಳಸ್ತೈತಿ. ಅಂದ್ರ ಟಮಾಟಿಯಾಗ ಹಾವಿನ ಗೆರಿ ಕಂಡ್ರ ಸ್ವಲ್ಪ ಉಸರು ಬಿಡ್ರಿ, ಗುಳ್ಳಿ ಕಂಡು ಕಾಯಿ ಮ್ಯಾಲ ಸಣ್ಣ ತೂತು ಇದ್ರ ಮಾತ್ರ ತಡ ಮಾಡಬ್ಯಾಡ್ರಿ. ಹುಳದ ತಲಿ ಹಿಂದ ಕರಿ ಪಟ್ಟಿ ಇದ್ರ ಟೂಟಾನ ಅನ್ಕೋರಿ.

ಊರ ಮುಂದಿನ ಹೊಂಗಿ, ನಮ್ಮಲ್ಲಿ ಹುಲಗಲ ಅಂತಾರಲ್ಲ, ಅದರ ಎಳಿ ಎಲಿ ಮ್ಯಾಲೂ ಬಿಳಿ ಗುಳ್ಳಿ ಏಳ್ತಾವ, ಅದೂ ಪತಂಗದ್ದ. ಕಲಿಯಾಕ ಆ ಗಿಡ ಭಾಳ ಚಲೋ, ಗುಳ್ಳಿ ದೊಡ್ಡವಿರ್ತಾವ, ಹರಕೊಂಡ್ರ ಯಾರೂ ಕೇಳಂಗಿಲ್ಲ.

ದುಂಬಿ ಮನೆತನ ನೋಡಬೇಕಂದ್ರ ಗಂಗಾವತಿ, ಸಿಂಧನೂರು, ಸಿರುಗುಪ್ಪ ಕಡೆ ನೆಲ್ಲಿನ ಗದ್ದಿಗೆ ಹೋಗ್ರಿ. ಹಿಸ್ಪಾ ಅಂತಾರಲ್ಲ, ಮೈತುಂಬ ಮುಳ್ಳಿರೋ ಕರಿ ನೀಲಿ ದುಂಬಿ, ಅದು ಎಲಿ ಮ್ಯಾಲ ಕೆರದು ಬಿಳಿ ಗೆರಿ ಮಾಡ್ತೈತಿ, ಅದರ ಮರಿ ಎಲಿ ಒಳಗ ಹೊಕ್ಕು ಗುಳ್ಳಿ ಮಾಡ್ತೈತಿ. ತಾಯಿ ಹೊರಗ, ಮಗ ಒಳಗ.

ಇನ್ನ ಗರಗಸ ನೊಣ. ಎಲಿ ಒಳಗ ಇರೋ ಜಾತಿ ಪಾಪ್ಲರ್, ಬರ್ಚ್‌ನಂಥ ತಂಪು ದೇಶದ ಮರದ ಮ್ಯಾಲ ಜಾಸ್ತಿ, ನಮ್ಮ ಹೊಲದಾಗ ನಾನು ಒಂದೂ ಕಂಡಿಲ್ಲ. ಅದರ ಬಳಗದ್ದು ಮಾತ್ರ ಇಲ್ಲೂ ಐತಿ, ಸಾಸಿವಿ ಗರಗಸ ನೊಣ, ಮೂಲಂಗಿ ಮತ್ತ ಕೋಸಿನ ತಪ್ಪಲಕ್ಕ ಬರ್ತೈತಿ, ಸುರಂಗ ತಗಿಯಂಗಿಲ್ಲ, ಹೊರಗ ಕುಂತು ತೂತು ತೂತು ತಿಂತೈತಿ. ಕರಿ ಹಸರು ಹುಳ, ಮುಟ್ಟಿದ್ರ ಸುತ್ತಿಕೊಂಡು ನೆಲಕ್ಕ ಬಿದ್ದು ಸತ್ತಂಗ ನಾಟಕ ಮಾಡ್ತೈತಿ. ಗುರುತು ಕಾಲಿನಾಗ ಐತಿ. ಎದಿ ಕೆಳಗಿನ ಮೂರು ಜೋಡಿ ಬಿಟ್ಟು ಹೊಟ್ಟಿ ಕೆಳಗ ಮೆತ್ತನ ಕಾಲು ಎಣಸ್ರಿ, ಚಿಟ್ಟಿ ಪತಂಗದ ಮರಿಗೆ ಹೆಚ್ಚಂದ್ರ ಐದು ಜೋಡಿ, ಈ ಗರಗಸ ನೊಣದ ಮರಿಗೆ ಎಂಟು ಜೋಡಿ. ಇದು ಯಾಕ ಬೇಕಂದ್ರ ಪತಂಗದ ಮರಿಗೆ ಅಂತ ಹೊಡಿಯೋ ಬಿಟಿ ಬ್ಯಾಕ್ಟೀರಿಯಾದ ಪುಡಿ ಗರಗಸ ನೊಣಕ್ಕ ನಾಟಂಗಿಲ್ಲ, ಎರಡೂ ನೋಡಾಕ ಒಂದ ನಮೂನಿ ಇದ್ರೂ ಕುಲ ಬ್ಯಾರೆ.

ಹೆಜ್ಜಿ 4: ಡಬ್ಬಿಯಾಗ ಸಾಕಿ ನೋಡೋದು

ಇದನ್ನ ಬಿಟ್ಟು ಮುಂದಕ ಹೋಗಬ್ಯಾಡ್ರಿ, ಮಕ್ಕಳಾಟ ಅನ್ನಿಸಬಹುದು ಖರೆ, ನನಗ ಬುದ್ಧಿ ಬಂದಿದ್ದು ಇಲ್ಲೇ. ಹೋಟೆಲ್ ಪಾರ್ಸಲ್ ಬರೋ ಬಿಳಿ ಡಬ್ಬಿ ತೊಳದು ಒಣಗಿಸಿ, ತಳಕ್ಕ ಟಿಶ್ಯೂ ಪೇಪರ್ ಎರಡು ಪದರು ಹಾಕ್ರಿ. ಜೀವಂತ ಹುಳ ಇರೋ ಎಲಿ ತೊಟ್ಟು ಸಮೇತ ಕಿತ್ತು ತೊಟ್ಟಿಗೆ ಒದ್ದಿ ಹತ್ತಿ ಸುತ್ತಿ, ಒಂದು ಡಬ್ಬಿಗೆ ನಾಕೈದರಕಿಂತ ಜಾಸ್ತಿ ಬ್ಯಾಡ. ಬಾಯಿಗೆ ಮುಚ್ಚಳ ಹಾಕಬ್ಯಾಡ್ರಿ, ತೆಳ್ಳನ ಹಳೇ ಪಂಜಿ ಅರಬಿ ಹಾಕಿ ರಬ್ಬರ್ ಹಾಕ್ರಿ. ನಾನು ಮೊದ್ಲ ಸಲ ಮುಚ್ಚಳ ಬಿಗಿದಿದ್ದೆ, ಎರಡ ದಿನದಾಗ ಒಳಗ ಬೆವತು ಬೂಸ್ಟು ಬಂದು ಎಲ್ಲಾ ಕೊಳತು ಹೋತು. ಎರಡನೇ ಸಲ ಡಬ್ಬಿ ಕಟ್ಟಿ ಮ್ಯಾಲ ಇಟ್ಟಿದ್ದೆ, ಇರುವಿ ಸಾಲು ಹಚ್ಚಿ ಹೊತ್ತೊಯ್ದು. ಈಗ ಡಬ್ಬಿನ ನೀರಿನ ತಾಟಿನಾಗ ಇಡ್ತೀನಿ.

ಡಬ್ಬಿ ಮ್ಯಾಲ ಬೆಳಿ, ತಾರೀಖು, ಎಷ್ಟು ಹುಳ ಅಂತ ಬರೀರಿ. ನೆಳ್ಳಾಗ ಇಡ್ರಿ, ದಿನಾ ಒಮ್ಮೆ ನೋಡ್ರಿ, ಹತ್ತಿ ಒಣಗಿದ್ರ ನಾಕ ಹನಿ ನೀರು. ಟಮಾಟಿ ರಂಗೋಲಿ ಹುಳ ನಮ್ಮ ಸೆಕಿಗೆ ನಾಕರಿಂದ ಏಳು ದಿನದಾಗ ಎಲಿ ಬಿಟ್ಟು ಟಿಶ್ಯೂ ಮ್ಯಾಲ ಬಿದ್ದು ಕಂದು ಹಳದಿ ಕಾಳು ಹಂಗ ಕೋಶ ಆಕ್ಕೈತಿ, ಹೊಲದಾಗಾದ್ರ ಮಣ್ಣಾಗ ಬೀಳ್ತೈತಿ. ಲಿಂಬಿ ಪತಂಗ ತತ್ತಿಯಿಂದ ಹಾರೋತನ ಸೆಕಿ ಇದ್ರ ಎರಡು ವಾರದ ಹತ್ರ, ಥಂಡಿಯಾಗ ಒಂದೂವರಿ ತಿಂಗಳೂ ಹಿಡೀತೈತಿ. ಶೇಂಗಾದ್ದು ಹದಿನೈದರಿಂದ ಇಪ್ಪತ್ತೆಂಟು ದಿನ.

ನನ್ನ ಲಿಂಬಿ ಡಬ್ಬಿಯಾಗ 12 ಹುಳ ಇಟ್ಟಿದ್ದೆ. ಏಳು ಬೆಳ್ಳಿ ಬಣ್ಣದ ಪತಂಗ ಬಂದವು, ಕುಸಬಿ ಕಾಳಿನಷ್ಟೂ ಇಲ್ಲ, ರೆಕ್ಕಿ ತುದಿಗೆ ಒಂದು ಕರಿ ಚುಕ್ಕಿ. ಉಳದ ಐದರಿಂದ ಏನ್ ಬಂತು ಗೊತ್ತೇನ್ರಿ, ಬೇಗಡಿ ಹಚ್ಚಿದಂಗ ಮಿಂಚೋ ಹಸರು ಕಣಜ, ಸಾಸಿವಿ ಕಾಳಿನಷ್ಟ. ಮೊದ್ಲ ಅದನ್ನ ಬ್ಯಾರೆ ರೋಗದ ಹುಳ ಅನ್ಕೊಂಡು ತಿಕ್ಕಿ ಒಗಿಯಾಕ ಹೋಗಿದ್ದೆ. ಅಂದ್ರ ನಾನು ಪಂಪು ಹೊತಗೊಂಡು ಹೊಡದಿದ್ದು ಇವಕ್ಕ. ಮೂರು ಸಲ ಹೊಡದ ಮ್ಯಾಲ ಮುಂದಿನ ಚಿಗುರಿಗೆ ಹುಳ ಯಾಕ ದುಪ್ಪಟ್ಟು ಬಂತು ಅನ್ನೋದು ಆಗ ತಲಿಗೆ ಹೊಳೀತು.

ಇಂಥದ್ದ ದೊಡ್ಡ ಪ್ರಮಾಣದಾಗ ಕೆನಡಾದ ಎಡ್ಮಂಟನ್ ಊರಾಗ ಆಗೈತಿ. ಬರ್ಚ್ ಮರದ ಎಲಿ ಸುರಂಗದ ಗರಗಸ ನೊಣ ಊರ ತುಂಬ ಹಬ್ಬಿತ್ತು, ಲ್ಯಾಥ್ರೊಲೆಸ್ಟಿಸ್ ಅನ್ನೋ ಪರಾವಲಂಬಿ ಕಣಜ ಹೆಚ್ಚಾದ ಮ್ಯಾಲ 1990ರ ದಶಕದಾಗ ಅದರ ಹಾವಳಿ ಕುಸೀತು. ಅಲಾಸ್ಕಾದವರು ಅದನ್ನ ನೋಡಿ ಅಲ್ಲಿಂದ ಕಣಜ ತರಿಸಿ ತಮ್ಮೂರಾಗ ಬಿಟ್ರು.

ಹೆಜ್ಜಿ 5: ಎಣಿಸಿ ಆಮ್ಯಾಲ ತೀರ್ಮಾನ

ಶೇಂಗಾಕ್ಕ ಲೆಕ್ಕ ಸರಳ ಐತಿ. ಬೀಜ ಮೊಳತು 30 ದಿನದ ಹೊತ್ತಿಗೆ ಗಿಡಕ್ಕ ಐದು ಜೀವಂತ ಹುಳ, 50 ದಿನಕ್ಕ ಹತ್ತು, 75 ದಿನಕ್ಕ ಹದಿನೈದು, ಇದಕ್ಕ ಮುಟ್ಟಿದ್ರ ಅಷ್ಟ ಔಷಧಿ ಮಾತು. ಖಾಲಿ ಸುರುಳಿ ಎಣಿಸಬಾರ್ದು, ಸುರುಳಿ ಬಿಚ್ಚಿ ಜೀವಂತ ಹುಳ ಎಣಿಸಬೇಕು. ಈ ಹುಳಕ್ಕ ಒಣ ಹವಾ ಬೇಕು, ಮಳಿ ಕೈಕೊಟ್ಟ ವರ್ಷ ಹೊಲ ದೂರದಿಂದ ಬೆಂಕಿ ಹತ್ತಿ ಸುಟ್ಟಂಗ ಕಾಣೋದು ಇದರಿಂದನ. ಒಂದು ಚಲೋ ಮಳಿ ಹೊಡದ್ರ ತಾನ ತಗ್ಗತೈತಿ, ಅದಕ್ಕ ಸ್ಪ್ರಿಂಕ್ಲರ್ ಇದ್ದವರು ಎಣ್ಣಿಗೆ ಕೈ ಹಾಕೋಕಿಂತ ಮೊದ್ಲ ಒಂದು ಪಾಳಿ ನೀರು ಹಾರಸ್ರಿ. ಸೋಯಾ ಬೆಳದ ಹೊಲದ ಹಿಂದನ ಶೇಂಗಾ ಹಾಕಬ್ಯಾಡ್ರಿ, ಅದು ಇದರ ಇನ್ನೊಂದು ಊಟ.

ಲಿಂಬಿ ಗಿಡ ನಾಕು ವರ್ಷ ದಾಟಿದ್ರ ಏನೂ ಮಾಡಬ್ಯಾಡ್ರಿ ಅಂತೀನಿ ನಾನು, ದೊಡ್ಡ ಗಿಡ ತಡಕೊಂತೈತಿ. ಎಳಿ ಗಿಡ ಮತ್ತ ಸಸಿಗೆ ಮಾತ್ರ ಕಾವಲು ಬೇಕು, ಅದೂ ಚಿಗುರು ಬಂದಾಗಷ್ಟ, ಯಾಕಂದ್ರ ಎಲಿ ಬಲ್ತು ಗಟ್ಟಿ ಆದ ಮ್ಯಾಲ ಈ ಹುಳ ಹೊಗಂಗಿಲ್ಲ. ಚಿಗುರೆಲಿ ಒಂದು ಬೊಟ್ಟಿನ ಗೆಣ್ಣಿನಷ್ಟು ಇದ್ದಾಗ ಬೇವಿನದು ಹೊಡದ್ರ ಪತಂಗ ತತ್ತಿ ಇಡಾಕ ಹಿಂಜರೀತೈತಿ, ಗೆರಿ ಬಂದ ಮ್ಯಾಲ ಹೊಡದ್ರ ತಡ ಆತು. ಯೂರಿಯಾ ಸುರದು ಮ್ಯಾಲಿಂದ ಮ್ಯಾಲ ಚಿಗುರು ಎಬ್ಬಸಬ್ಯಾಡ್ರಿ, ಸಿಕ್ಕಾಗೆಲ್ಲ ಕತ್ರಿ ಹಚ್ಚಬ್ಯಾಡ್ರಿ, ಕತ್ತರಿಸಿದಷ್ಟೂ ಹೊಸ ಚಿಗುರು, ಅದಕ್ಕ ಹೊಸ ಊಟ. ಬುಡದಿಂದ ಏಳೋ ನೀರುಚಿಗುರು ಮಾತ್ರ ತಗೀರಿ. ಒಂದು ಮಾತು ನೆನಪಿಡ್ರಿ, ಗೆರಿಯ ಗಾಯದಾಗಿಂದ ಕಜ್ಜಿ ರೋಗ ಒಳಗ ಹೊಕ್ಕೈತಿ, ಮಳಿಗಾಲದಾಗ ಗೆರಿ ಗುಂಟ ಕಂದು ಹುರುಕಲು ಗುಳ್ಳಿ ಕಂಡ್ರ ಅದು ಹುಳ ಅಲ್ಲ, ಬ್ಯಾಕ್ಟೀರಿಯಾ, ಅದರ ಉಪಚಾರ ಬ್ಯಾರೆ.

ಟಮಾಟಿಯಾಗ ರಂಗೋಲಿ ನೊಣ ಇದ್ರ ತಳದ ಗೆರಿ ಎಲಿ ಕಿತ್ತು ಪ್ಲಾಸ್ಟಿಕ್ ಚೀಲದಾಗ ಬಾಯಿ ಕಟ್ಟಿ ಬಿಸಲಿಗೆ ಇಡ್ರಿ, ನಮ್ಮ ಬಿಸಲು ಒಂದು ಕೆಲಸಕ್ಕಾದ್ರೂ ಬರ್ಲಿ. ಬದುವಿನಾಗ ಒಗದ್ರ ಹುಳ ಅಲ್ಲೇ ಮಣ್ಣಿಗೆ ಇಳೀತಾವ. ಸಾಲಿನ ನಡುವ ಎಡಿ ಹೊಡದ್ರ ಮಣ್ಣಾಗಿನ ಕೋಶ ಮ್ಯಾಲ ಬಂದು ಒಣಗ್ತಾವ, ಹಕ್ಕಿನೂ ಆರಸ್ತಾವ. ಹಳೇ ಅಡಗಿ ಎಣ್ಣಿ ಡಬ್ಬಿಯ ತಗಡಿಗೆ ಹಳದಿ ಪೇಂಟು ಬಳದು ಔಡಲ ಎಣ್ಣಿ ಸವರಿ ಗಿಡದ ಎತ್ತರಕ್ಕ ಕಟ್ರಿ, ನೊಣ ಬಂದು ಅಂಟ್ತಾವ, ವಾರಕ್ಕೊಮ್ಮೆ ಒರಸಿ ಮತ್ತ ಸವರ್ರಿ. ಟೂಟಾ ಇದ್ರ ಅದಕ್ಕಂತನ ಬರೋ ಫೆರೊಮೋನ್ ಬಲಿ (ಹೆಣ್ಣಿನ ವಾಸನಿಯಿಂದ ಗಂಡು ಪತಂಗ ಹಿಡಿಯೋದು) ಹಾಕ್ರಿ, ಹಳದಿ ತಗಡು ನಂಬಿ ಕುಂದರಬ್ಯಾಡ್ರಿ, ತೂತು ಬಿದ್ದ ಕಾಯಿ ಹೊಲದಾಗ ಬಿಡಬ್ಯಾಡ್ರಿ.

ನೆಲ್ಲಿನ ಹಿಸ್ಪಾಕ್ಕ ಸಸಿ ಹಚ್ಚೋವಾಗ ಎಲಿ ತುದಿ ಕತ್ತರಿಸಿ ಹಚ್ಚೋದು ಹಳೇ ಉಪಾಯ, ತತ್ತಿ ಇರೋದು ಹೆಚ್ಚಾಗಿ ತುದಿಯಾಗನ. ಮೂಲಂಗಿ ಗರಗಸ ನೊಣಕ್ಕ ಮುಂಜಾನಿ ಎದ್ದು ಗಿಡ ಝಾಡಿಸಿ ಕೈಯಿಂದ ಆರಿಸಿದ್ರ ಮನಿ ಮುಂದಿನ ಮಡಿಗೆ ಸಾಕು.

ಹೆಜ್ಜಿ 6: ಬೇವಿನ ಕಷಾಯ, ಮತ್ತ ಅಂಗಡಿ ಬಾಟ್ಲಿ

ಬೇವಿನ ಹಣ್ಣು ನಮ್ಮಲ್ಲಿ ಮಿರಗ, ಆರಿದ್ರಾ ಮಳಿ ಹೊತ್ತಿಗೆ ಉದುರ್ತಾವ. ಆಗ ಆರಿಸಿ ಸಿಪ್ಪಿ ತಿಕ್ಕಿ ನೆಳ್ಳಾಗ ಒಣಗಿಸಿ ಗೋಣಿ ಚೀಲದಾಗ ಇಡ್ರಿ, ಪ್ಲಾಸ್ಟಿಕ್‌ನ್ಯಾಗ ಇಟ್ರ ಬೂಸ್ಟು. ಮೂರು ತಿಂಗಳಿಂದ ಎಂಟು ತಿಂಗಳ ಬೀಜ ಚಲೋ, ಎರಡು ವರ್ಷದ ಹಳೇದು ಬರೇ ಕಸ.

ಶೇ 5ರ ಕಷಾಯಕ್ಕ 100 ಲೀಟರಿಗೆ 5 ಕೆಜಿ ಬೀಜದ ಪುಡಿ, ಅಂದ್ರ 16 ಲೀಟರ್ ಪಂಪಿಗೆ 800 ಗ್ರಾಂ. ಪುಡಿನ ಅರಬಿಯಾಗ ಗಂಟು ಕಟ್ಟಿ ರಾತ್ರಿ ನೀರಾಗ ನೆನಸ್ರಿ, ಮುಂಜಾನಿ ಗಂಟು ಹಿಂಡ್ರಿ, ಬಿಳಿ ಹಾಲಿನಂಥದ್ದು ಬರ್ತೈತಿ, ಬಿಟ್ಟು ಬಿಟ್ಟು ಹಿಂಡಬೇಕು, ಕೊನೀಗೆ ತಿಳಿ ನೀರು ಬರೋತನ. ಎರಡು ಪದರಿನ ಅರಬಿಯಾಗ ಸೋಸದಿದ್ರ ಪಂಪಿನ ನಾಜಲ್ ಕಟ್ಟಿ ಹೊಲದ ನಡುವ ನಿಂತು ಬಾಯಿಂದ ಊದ್ಕೋತ ಕುಂದರ್ತೀರಿ, ಖೈ ಅಂದ್ರ ಖೈ. 100 ಲೀಟರಿಗೆ 100ರಿಂದ 200 ಗ್ರಾಂ ಸೋಪಿನ ಪುಡಿ ಕಲಸ್ರಿ, ಎಲಿಗೆ ಅಂಟಾಕ. ಅವತ್ತಿಂದ ಅವತ್ತ ಮುಗಸ್ರಿ, ಸಂಜಿ ಮುಂದ ಹೊಡೀರಿ, ಬಿಸಲಿಗೆ ಬೇವಿನ ಸತ್ವ ಹೋಕ್ಕೈತಿ. ಎಲಿ ಕೆಳಗೂ ಬೀಳಬೇಕು, ಲಿಂಬಿ ಗೆರಿ ಭಾಳಷ್ಟು ಕೆಳಗಿನ ಪದರಿನಾಗ ಇರ್ತಾವ.

ಇಷ್ಟೆಲ್ಲ ಆಗಿನೂ ಲೆಕ್ಕ ದಾಟಿದ್ರ ಬಾಟ್ಲಿ ತರ್ರಿ, ನಾನು ಬ್ಯಾಡ ಅನ್ನಂಗಿಲ್ಲ. ಆದ್ರ ಬಾಟ್ಲಿ ಹೆಸರು ಹೇಳಿ ಕೇಳಬ್ಯಾಡ್ರಿ, ಹುಳ ಇರೋ ಎಲಿ ಒಯ್ದು ತೋರಸ್ರಿ. ಲೇಬಲ್ ಮ್ಯಾಲ ನಿಮ್ಮ ಬೆಳಿ ಹೆಸರು, ನಿಮ್ಮ ಹುಳದ ಹೆಸರು ಎರಡೂ ಐತೇನು ನೋಡ್ರಿ, ಕೊನೀ ಸಲ ಹೊಡದು ಎಷ್ಟು ದಿನಕ್ಕ ಕಾಯಿ ಹರೀಬೇಕು ಅಂತ ಬರದಿರ್ತೈತಿ, ಅದನ್ನ ಓದಿ ತರ್ರಿ. ತ್ರಿಕೋನದ ಬಣ್ಣ ನೋಡ್ರಿ, ಕೆಂಪು ಎಲ್ಲಾಕಿಂತ ಭಾರಿ ವಿಷ, ಆಮ್ಯಾಲ ಹಳದಿ, ನೀಲಿ, ಕೊನೀಗೆ ಹಸರು. ಒಂದ ನಮೂನಿ ಎಣ್ಣಿ ಮ್ಯಾಲಿಂದ ಮ್ಯಾಲ ಹೊಡದ್ರ ರಂಗೋಲಿ ನೊಣ ಅದಕ್ಕ ಒಗ್ಗಿ ಹೋಕ್ಕೈತಿ, ಇದು ಈ ಹುಳದ ಹಳೇ ಚಾಳಿ. ಮೂರು ನಮೂನಿ ಒಂದ ಪಂಪಿನಾಗ ಕಲಸಿ ಹೊಡಿಯೋದು ನಮ್ಮ ಕಡೆ ಈಗ ಫ್ಯಾಷನ್ ಆಗೈತಿ, ಅದು ಗಿಡಕ್ಕೂ ನಿಮ್ಮ ಎದಿಗೂ ಚಲೋ ಅಲ್ಲ. ಗಾಳಿ ಬೆನ್ನ ಹಿಂದ ಇರ್ಲಿ, ಬಾಯಿ ಮೂಗಿಗೆ ಅರಬಿ ಕಟ್ರಿ, ಹೊಡದ ಕೈಲಿ ತಂಬಾಕು ತಿಕ್ಕಬ್ಯಾಡ್ರಿ.

ಗುರುತು ಸಿಗಲಾರದ ಎಲಿ ಇದ್ರ ಒಂದಿಷ್ಟು ಹಸೀದು ಪ್ಲಾಸ್ಟಿಕ್ ಚೀಲದಾಗ, ಒಂದಿಷ್ಟು ಪೇಪರ್ ನಡುವ ಒತ್ತಿ ಒಣಗಿಸಿದ್ದು ತಗೊಂಡು ಗಂಗಾವತಿ, ರಾಯಚೂರು, ಹಗರಿ ಯಾವುದು ಹತ್ರ ಆಕ್ಕೈತಿ ಆ ಕೃಷಿ ವಿಜ್ಞಾನ ಕೇಂದ್ರಕ್ಕ ಹೋಗ್ರಿ, ಇಲ್ಲ ನಿಮ್ಮ ಹೋಬಳಿ ರೈತ ಸಂಪರ್ಕ ಕೇಂದ್ರಕ್ಕ. ಫೋನ್ ಮಾಡೋದಿದ್ರ ಕಿಸಾನ್ ಕಾಲ್ ಸೆಂಟರ್ 1800-180-1551, ಕನ್ನಡದಾಗ ಮಾತಾಡ್ತಾರ. ಹೋಗೋವಾಗ ಬಿತ್ತಿದ ತಾರೀಖು, ಏನೇನ್ ಹೊಡ್ದೀರಿ, ಯಾವಾಗ ಹೊಡ್ದೀರಿ ಬರಕೊಂಡು ಹೋಗ್ರಿ, ಮೊದ್ಲ ಕೇಳೋದು ಅದನ್ನ.

ನಾನು ಈಗ ಎಲಿ ನೋಡಿದ ದಿನ ಎಲ್ಲಾ ಗೋಡಿ ಕ್ಯಾಲೆಂಡರಿನಾಗ ಬರೀತೀನಿ, "ಲಿಂಬಿ, 20 ಎಲಿ, 3 ಜೀವಂತ" ಹಿಂಗ. ಕಾಕಾ ಹೋದ ವಾರ ತನ್ನ ಶೇಂಗಾದ ಒಂದು ಮುಷ್ಟಿ ಎಲಿ ತಂದು ಕಟ್ಟಿ ಮ್ಯಾಲ ಸುರುವಿ "ಎಣಸು" ಅಂತ ಕುಂತ, ಇಬ್ಬರೂ ಕೂಡಿ ಸುರುಳಿ ಬಿಚ್ಚಿ ಎಣಿಸಿದ್ವಿ. ಗಿಡಕ್ಕ ಎರಡರ ಮ್ಯಾಲ ಹೋಗ್ಲಿಲ್ಲ, ಕಾಕಾ ಪಂಪು ನಮ್ಮ ಪಡಸಾಲಿಯಾಗನ ಬಿಟ್ಟು ಹೋಗ್ಯಾನ, ಮುಂದಿನ ಸೋಮವಾರ ಮತ್ತ ಎಣಿಸೋದೈತಿ.